ಹಾಡಿನ ಬೆನ್ನಿಗೆ ನಿಂತ ಪರದೆ

ನಾನು ಮಾಡುತ್ತಿದ್ದ ಕೆಲಸಕ್ಕೆ ಹೆಸರೇನು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಶಿರಾ ಕಡೆ ನನ್ನನ್ನು 'ಪರದೆ ಅಕ್ಕ' ಎನ್ನುತ್ತಿದ್ದರು. ಪಾವಗಡದಲ್ಲಿ ಅದೇ 'ತೆರ ಅಕ್ಕ' ಆಗುತ್ತಿತ್ತು. ಮಧುಗಿರಿಯ ಪೆಂಡಾಲಿನ ಹುಡುಗರು 'ನೀರಮ್ಮ ಬಂದ್ಲಾ?' ಎಂದು ನನ್ನ ಎದುರಿಗೇ ಕೇಳುತ್ತಿದ್ದರು. ಹಾಡುಗಾರರು ವೇದಿಕೆಯ ಮೇಲೆ ಹಾಡುವಾಗ ಅವರ ಹಿಂದೆಯೋ ಪಕ್ಕದಲ್ಲೋ ಒಂದು ಬಿಳಿ ಪರದೆ ಇರುತ್ತದೆ. ನೀರು, ಮಣ್ಣು, ಬಂಡೆಯ ಕಲೆ, ಎಲೆಯ ನೆರಳು ಇವುಗಳಿಂದ ಹುಟ್ಟಿದ, ಆದರೆ ಇದು ಇಂಥದ್ದೇ ಎಂದು ಬೆರಳಿಟ್ಟು ಹೇಳಲಾಗದ ಆಕಾರಗಳು ಆ ಪರದೆಯ ಮೇಲೆ ಹಾಡಿನ ಜೊತೆ ಸರಿದಾಡುತ್ತವೆ. ಹಾಡು ನಡೆಯುತ್ತಿದ್ದ ಹಾಗೆಯೇ ಅವನ್ನು ಮಾಡಿ ತೋರಿಸುವುದು ನನ್ನ ಕೆಲಸವಾಗಿತ್ತು.

ಈಗ ಬೆರಳು ನಡುಗುತ್ತದೆ. ಬಿಟ್ಟ ಹನಿ ನಾನು ಹೇಳಿದ ಕಡೆ ಬೀಳುವುದಿಲ್ಲ, ಅದಕ್ಕೇ ನಿಲ್ಲಿಸಿದೆ. ಇತ್ತೀಚೆಗೆ ತುಮಕೂರಿನಿಂದ ಇಬ್ಬರು ಹುಡುಗಿಯರು ಇದೇ ಕೆಲಸಕ್ಕೆ ಇಳಿಯುತ್ತೇವೆ ಎಂದು ಮನೆ ಹುಡುಕಿಕೊಂಡು ಬಂದರು. ಇಬ್ಬರ ಹತ್ತಿರವೂ ಲ್ಯಾಪ್‌ಟಾಪ್ ಇತ್ತು. 'ಆಂಟಿ, ನೀವು ಯಾವ ಸಾಫ್ಟ್‌ವೇರ್ ಯೂಸ್ ಮಾಡ್ತಿದ್ರಿ?' ಎಂದರು. 'ಪರಾತ' ಎಂದೆ. ಹಿಟ್ಟು ಕಲಸುವ ಅಗಲದ ತಟ್ಟೆಯನ್ನು ಯಾವುದೋ ಹೊಸ ಕಂಪನಿಯದ್ದು ಎಂದುಕೊಂಡು ಒಬ್ಬಳು ಫೋನಿನಲ್ಲಿ ಹುಡುಕತೊಡಗಿದಳು. ಇದನ್ನು ಆ ಇಬ್ಬರಿಗಾಗಿ ಬರೆಯುತ್ತಿದ್ದೇನೆ. ಶಾಲು, ಹಾರ, ಮೊಮೆಂಟೊಗಳ ಕಥೆ ಇದರಲ್ಲಿಲ್ಲ. ಮೊಮೆಂಟೊಗಳಲ್ಲಿ ಒಂದು ನಮ್ಮ ಅಡುಗೆಮನೆಯ ಕಿಟಕಿ ಗಾಳಿಗೆ ಬಡಿದುಕೊಳ್ಳದಂತೆ ತಡೆದು ನಿಂತಿದೆ, ಅಷ್ಟರ ಮಟ್ಟಿಗೆ ಅದರ ಋಣ ನನ್ನ ಮೇಲಿದೆ.

ನಾನು ಕೆಲಸ ಕಲಿತದ್ದು ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರವಿದ್ದ ರುದ್ರಣ್ಣನವರ ಸ್ಟುಡಿಯೊದಲ್ಲಿ. ಮದುವೆ ವಿಡಿಯೊಗಳನ್ನು ಮಿಕ್ಸಿಂಗ್ ಮಾಡುವುದು ನನ್ನ ಪಾಲಿನ ಕೆಲಸ. ಗುಲಾಬಿ ಹೂವು ಅರಳಿ ಅದರೊಳಗಿಂದ ಮದುಮಗ ಬರಬೇಕು, ಹುಣ್ಣಿಮೆ ಚಂದ್ರನೊಳಗೆ ಮದುಮಗಳು ನಗಬೇಕು. ರುದ್ರಣ್ಣನವರ ಬಾಯಿ ಬಹಳ ಜೋರು, ಮನಸ್ಸು ಮಾತ್ರ ಬೆಣ್ಣೆ. ಬೆಳಿಗ್ಗೆ ಬೈದದ್ದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಪೂರ್ತಿ ಮರೆತು, 'ಏನಮ್ಮ, ಮುಖ ಯಾಕೆ ಇಂಗೆ ಸಪ್ಪಗಿಟ್ಕಂಡಿದೀಯ?' ಎಂದು ನನ್ನನ್ನೇ ಕೇಳುತ್ತಿದ್ದರು. ಹೆಣ್ಣುಮಕ್ಕಳು ಸ್ಟುಡಿಯೊದಲ್ಲಿ ಕೆಲಸಕ್ಕೆ ಕೂರುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ನನಗೆ ಯಂತ್ರ ಮುಟ್ಟಲು ಬಿಟ್ಟರು. ನನ್ನ ಕೃತಜ್ಞತೆಯ ಲೆಕ್ಕ ಅವರಿಂದಲೇ ಶುರುವಾಗಬೇಕು.

ಒಂದು ಸಲ ಪಾವಗಡದಲ್ಲಿ ಭಕ್ತಿಗೀತೆಗಳ ಕಾರ್ಯಕ್ರಮ. ವೇದಿಕೆಯ ಹಿಂದೆ ಏನಾದರೂ ಚಲಿಸುವಂಥದ್ದು ಬೇಕು ಎಂದು ಅಲ್ಲಿಯವರು ಕೇಳಿದ್ದರು. 'ಲೇ ರತ್ನಾ, ಪರ್ದೆ ಖಾಲಿ ಬುಟ್ರೆ ಜನ ಎದ್ದೋಗ್ತಾರೆ ಕಣೆ, ಜಲಪಾತ ಹಾಕ್ಬುಡು' ಎಂದು ರುದ್ರಣ್ಣ ಒಂದು ಸಿ.ಡಿ. ಕೊಟ್ಟು ಕಳಿಸಿದರು. ಅದರಲ್ಲಿ ಯಾವುದೋ ದೇಶದ ಜಲಪಾತವಿತ್ತು. ಹಾಡು ಮುಗಿಯುವವರೆಗೂ ಅದು ಧುಮುಕಿದ್ದೇ ಧುಮುಕಿದ್ದು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದು ಬಹಳ ಮೃದುವಾಗಿ ಹೇಳಿದರು: 'ಇದಿ ಮನ ನೀಳ್ಳು ಕಾದಮ್ಮಾ, ಇದು ನಮ್ ನೀರಲ್ಲ. ನಮ್ ನೀರು ಇಂಗ್ ಕುಣಿಯಲ್ಲ. ಬಂದ್ರೆ ಒಂದ್ ಕಡೆ ನಿಂತ್ಕಂಡು ಯೋಚ್ನೆ ಮಾಡ್ತದೆ.'

ಬಸ್ಸಿನಲ್ಲಿ ಊರಿಗೆ ಬರುವಾಗ ಆ ಮಾತು ತಲೆಯಿಂದ ಹೋಗಲಿಲ್ಲ. ಮರುದಿನದಿಂದ ಸ್ಟುಡಿಯೊದ ಕ್ಯಾಮೆರಾ ಹಿಡಿದು ನಮ್ಮ ಸುತ್ತಮುತ್ತಲನ್ನೇ ತೆಗೆಯತೊಡಗಿದೆ. ಕೆರೆಯಂಗಳದಲ್ಲಿ ಒಣಗಿ ಬಿರಿದ ಕೆಸರು, ಹೊಂಗೆಯ ಚಿಗುರಿನ ಮೇಲಿನ ಬಿಸಿಲು, ಮಳೆ ನಿಂತ ಮೇಲೆ ಬೆಟ್ಟದ ಬಂಡೆಯ ಮೇಲೆ ಕರಿಯ ಗೆರೆಗಳಾಗಿ ಇಳಿಯುವ ನೀರು. ರುದ್ರಣ್ಣ ಅದನ್ನು ನೋಡಿ, 'ಮದ್ವೆ ಕ್ಯಾಮೆರಾದಲ್ಲಿ ಕೆಸ್ರು ತೆಗಿತೀಯಲ್ಲೇ' ಎಂದು ತಲೆ ಚಚ್ಚಿಕೊಂಡರು. ಕ್ಯಾಮೆರಾ ಮಾತ್ರ ಕಿತ್ತುಕೊಳ್ಳಲಿಲ್ಲ.

ಗಂಗಾಧರಯ್ಯ ಮೇಷ್ಟ್ರು ನನ್ನ ಬದುಕಿಗೆ ಬಂದದ್ದು ಆಗಲೇ. ಕೊರಟಗೆರೆ ಕಡೆಯವರು, ಮಧುಗಿರಿಯ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹಾರ್ಮೋನಿಯಂ ಮುಂದಿಟ್ಟುಕೊಂಡು ತತ್ವಪದ, ವಚನ ಹಾಡುತ್ತಿದ್ದರು. ತಬಲಕ್ಕೆ ಶಿರಾದ ನಜೀರ್. ಅವನಿಗೆ ಬಸ್ಸಿನ ಸೀಟು ಹೊಲಿಯುವ ಅಂಗಡಿಯೂ ಇತ್ತು, ನನಗಿಂತ ಚಿಕ್ಕವನು, ಅಕ್ಕಾ ಎನ್ನುತ್ತಿದ್ದ. ಈ ಇಬ್ಬರ ಜೊತೆ ನಾನು ಹೆಚ್ಚುಕಡಿಮೆ ನನ್ನ ಅರ್ಧ ಆಯುಸ್ಸು ಊರೂರು ಸುತ್ತಿದ್ದೇನೆ.

ಮೊದಲ ಕಾರ್ಯಕ್ರಮ ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯಲ್ಲಿ. ತಾಯಿ ಮಗುವಿನ ಪ್ರೀತಿಯ ಸಾಲೊಂದು ಬಂದಾಗ ನಾನು ಪರದೆಯ ಮೇಲೆ ಒಂದು ಎಳೆಗರುವನ್ನು ತೋರಿಸಿದೆ. ನನಗೆ ಅದು ಬಹಳ ಚೆಂದ ಎನಿಸಿತ್ತು. ಒಂದು ನಿಮಿಷವಾಗಿರಲಿಲ್ಲ, ಹಿಂದಿನ ಸಾಲಿನಿಂದ ಒಂದು ದನಿ ಬಂತು: 'ಹಣೆ ಮ್ಯಾಲೆ ಸುಳಿ ನೋಡ್ಲಾ, ಎರ್ಡೈತೆ.' ಇನ್ನೊಬ್ಬ, 'ಎರ್ಡಲ್ಲ ಕಣ್ಲಾ, ಒಂದೇ, ಕೂದ್ಲು ತಿರುಗೈತೆ ಅಷ್ಟೆ' ಎಂದ. ದನ ಸಾಕಿದವರಿಗೆ ಕರುವಿನ ಸುಳಿ ಎಂದರೆ ಜಾತಕವಿದ್ದ ಹಾಗೆ. ಮನೆಗೆ ಆಗಿಬರುವ ಸುಳಿಯೋ ಆಗಿಬಾರದ ಸುಳಿಯೋ ಎಂದು ಚರ್ಚೆ ಎದ್ದು, ಎರಡು ಪಂಗಡಗಳಾಗಿ, ಕೊನೆಗೆ ಒಬ್ಬ ಎದ್ದು ಬಂದು ನನ್ನನ್ನೇ ಕೇಳಿದ: 'ಅಮ್ಮಾ, ಸ್ವಲ್ಪ ಅದ್ರ ಹಿಂದ್ಲ ಕಾಲು ತೋರ್ಸ್ತೀರಾ?' ಅಷ್ಟರಲ್ಲಿ ಮೇಷ್ಟ್ರ ಹಾಡು ಮುಗಿದುಹೋಗಿತ್ತು, ಅದು ಯಾರಿಗೂ ಗೊತ್ತಾಗಿರಲಿಲ್ಲ.

ಮೇಷ್ಟ್ರು ಸಿಟ್ಟಾಗಲಿಲ್ಲ. ಟೀ ಕುಡಿಯುತ್ತಾ ಹೇಳಿದರು: 'ರತ್ನಮ್ಮ, ಹೆಸ್ರು ಇರೋ ವಸ್ತು ತೋರಿಸ್ಬ್ಯಾಡ ಕಣಮ್ಮ. ಹೆಸ್ರು ಸಿಕ್ಕಿದ್ ಕೂಡ್ಲೆ ಜನ ಮಾತಾಡ್ತಾರೆ. ಹೆಸ್ರು ಸಿಗ್ದಂಗೆ ಏನಾದ್ರೂ ತೋರ್ಸು. ಅವರು ಹುಡುಕ್ತಾ ಇರ್ಲಿ, ನಾನು ಹಾಡ್ತಾ ಇರ್ತೀನಿ.' ಅಮೂರ್ತ ಕಲೆ ಎಂಬ ಮಾತನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಅದರ ಪಾಠ ಮಾತ್ರ ಆ ಟೀ ಅಂಗಡಿಯ ಬೆಂಚಿನ ಮೇಲೇ ಆಗಿತ್ತು. ಆಮೇಲಿಂದ ಕ್ಯಾಮೆರಾವನ್ನು ವಸ್ತುವಿಗೆ ತೀರಾ ಹತ್ತಿರ ಒಯ್ದು ತೆಗೆಯತೊಡಗಿದೆ. ಹುಣಸೆ ಮರದ ತೊಗಟೆಗೆ ಕಣ್ಣು ತಾಗುವಷ್ಟು ಹತ್ತಿರ ಹೋದರೆ ಅದು ಮರವಾಗಿ ಉಳಿಯುವುದಿಲ್ಲ. ಬೇಸಿಗೆಯ ಹೊಲವಾಗುತ್ತದೆ, ನೀರಿಲ್ಲದ ಹಳ್ಳವಾಗುತ್ತದೆ, ಯಾರದೋ ಅಂಗೈ ಆಗುತ್ತದೆ. ನೋಡುವವರು ತಮಗೆ ಬೇಕಾದ್ದನ್ನು ಅದರಲ್ಲಿ ಇಟ್ಟುಕೊಳ್ಳುತ್ತಾರೆ.

ಇದರಲ್ಲೂ ಒಂದು ಅಪಾಯವಿದೆ, ಅದು ನನಗೆ ಪುರವರದ ಹತ್ತಿರ ಗೊತ್ತಾಯಿತು. ಹೊಸದಾಗಿ ಕಂಪ್ಯೂಟರಿನಲ್ಲಿ ಕನ್ನಡಿ ಎಫೆಕ್ಟ್ ಬಂದಿತ್ತು. ಚಿತ್ರದ ಅರ್ಧವನ್ನು ತಿರುಗಿಸಿ ಇನ್ನರ್ಧಕ್ಕೆ ಜೋಡಿಸುತ್ತದೆ. ಬೆಟ್ಟದ ಬಂಡೆಯ ನೀರಿನ ಕಲೆಗಳಿಗೆ ಆ ಎಫೆಕ್ಟ್ ಹಾಕಿ, ನಿಧಾನದ ಪದವೊಂದಕ್ಕೆ ಬಿಟ್ಟೆ. ಬಂಡೆಯ ಕಲೆ ಎರಡು ಕಡೆಯೂ ಒಂದೇ ಸಮ ಬಂದರೆ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಎರಡು ಕಣ್ಣು ಬರುತ್ತವೆ. ನಡುವೆ ಮೂಗು ಬರುತ್ತದೆ. ಮುಂದಿನ ಸಾಲಿನ ಮುದುಕರೊಬ್ಬರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಎದ್ದು ನಿಂತರು. ಹೆಂಗಸರು ಎದ್ದರು. ನೋಡನೋಡುತ್ತ ಸಭೆಯೆಲ್ಲ ಎದ್ದು ಕೈ ಮುಗಿಯಿತು.

ಮೇಷ್ಟ್ರಿಗೆ ಹಿಂದೆ ಏನಿದೆ ಎಂದು ಕಾಣದು. ತಮ್ಮ ಹಾಡಿಗೆ ಜನ ಕರಗಿಹೋದರು ಎಂದುಕೊಂಡು ಅವರಿಗೆ ಹುಮ್ಮಸ್ಸು ಬಂತು. ಕಣ್ಣಲ್ಲಿ ನೀರು ತಂದುಕೊಂಡು ಮೇಲಿನ ಸ್ಥಾಯಿಗೆ ಹೋದರು. ಯಾರೋ ಮಂಗಳಾರತಿ ತಟ್ಟೆ ತಂದು ಅವರ ಪಕ್ಕದಿಂದ ಹಾದು ಪರದೆಯ ಮುಂದೆ ಹೋಗಿ ಕರ್ಪೂರ ಬೆಳಗಿದಾಗಲೇ ಅವರಿಗೆ ಅರ್ಥವಾದದ್ದು. ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, 'ದೇವ್ರನ್ನ ಕರ್ಸೋದಿದ್ರೆ ನಂಗೊಂದು ಮಾತು ಮುಂಚೆ ಹೇಳಮ್ಮ, ನಾನು ಜಾಗ ಬುಟ್ಟು ಕೆಳಗೆ ಕೂತ್ಕತೀನಿ' ಎಂದರು. ನಜೀರ್ ತಬಲದ ಚೀಲದ ಮೇಲೆ ತಲೆಯಿಟ್ಟು ನಗುತ್ತಿದ್ದ. ಮುಂದಿನ ವರ್ಷ ಅದೇ ಊರಿಗೆ ಹೋದಾಗ ಜನ ಕೇಳಿದ ಮೊದಲ ಮಾತು, 'ಹೋದ್ ಸಲದ ದೇವ್ರನ್ನ ಕರ್ಕಂಬರ್ಲಿಲ್ವಾ?' ಹುಡುಗಿಯರೇ, ಕನ್ನಡಿ ಎಫೆಕ್ಟಿನ ಸಹವಾಸಕ್ಕೆ ಹೋಗಬೇಡಿ. ಹೋದರೆ ಕಾಯಿ ಕರ್ಪೂರಕ್ಕೆ ಸಿದ್ಧರಾಗಿ ಹೋಗಿ.

ರೆಕಾರ್ಡ್ ಮಾಡಿದ ಚಿತ್ರವನ್ನು ಬಿಟ್ಟು ಪರಾತಕ್ಕೆ ಬಂದದ್ದಕ್ಕೂ ಒಂದು ಅವಮಾನವೇ ಕಾರಣ. ಮೇಷ್ಟ್ರು ಮನಸ್ಸು ಬಂದರೆ ಒಂದು ಸಾಲನ್ನು ಹಿಡಿದು ಹತ್ತು ಬಗೆಯಲ್ಲಿ ಹಾಡುತ್ತಿದ್ದರು. ಅದು ಯಾವಾಗ ಮುಗಿಯುತ್ತದೆ ಎಂದು ಅವರಿಗೂ ಗೊತ್ತಿರುತ್ತಿರಲಿಲ್ಲ. ಕೊರಟಗೆರೆಯಲ್ಲಿ ಒಮ್ಮೆ ಹೀಗೇ ವೈರಾಗ್ಯದ ಪದವನ್ನು ಎಳೆಯುತ್ತಾ ಹೋದರು. ನನ್ನ ಚಿತ್ರ ಮುಗಿದುಹೋಯಿತು. ಕಂಪ್ಯೂಟರ್ ತನ್ನಷ್ಟಕ್ಕೆ ಮುಂದಿನ ಫೈಲಿಗೆ ಹಾರಿತು. ಸಂಸಾರವೆಲ್ಲ ಮಾಯೆ ಎಂದು ಮೇಷ್ಟ್ರು ಕಣ್ಣು ಮುಚ್ಚಿ ಹಾಡುತ್ತಿದ್ದರೆ, ಅವರ ಹಿಂದೆ ನಮ್ಮ ಸ್ಟುಡಿಯೊದ ಮದುಮಗಳೊಬ್ಬಳು ಮದುಮಗನ ಬಾಯಿಗೆ ಜಿಲೇಬಿ ತುರುಕುತ್ತಿದ್ದಳು. ಜನ ಬಿದ್ದು ಬಿದ್ದು ನಕ್ಕರು. ನಾನು ತಂತಿ ಕಿತ್ತೆ.

ಹಾಡು ಎಷ್ಟು ಹೊತ್ತು ಹೋಗುತ್ತದೋ ಅಷ್ಟು ಹೊತ್ತು ಚಿತ್ರವೂ ಹೋಗಬೇಕು, ಹಾಡು ನಿಂತರೆ ನಿಲ್ಲಬೇಕು. ಅಂದರೆ ತಬಲದ ಹಾಗೆ ಅದನ್ನೂ ಕೈಯಲ್ಲೇ ನುಡಿಸಬೇಕು. ಒಂದು ಅಗಲದ ಸ್ಟೀಲ್ ಪರಾತ ತಂದು ಒಳಗೆ ಕರಿ ಬಣ್ಣ ಬಳಿಸಿದೆ. ಅದರಲ್ಲಿ ಎರಡು ಬೆರಳು ನೀರು, ಪಕ್ಕದಲ್ಲಿ ಒಂದು ದೀಪ, ಮೇಲೆ ನೀರನ್ನೇ ನೋಡುತ್ತಿರುವ ಕ್ಯಾಮೆರಾ, ಅಲ್ಲಿಂದ ಪ್ರೊಜೆಕ್ಟರಿಗೆ ತಂತಿ. ಮಕ್ಕಳಿಗೆ ಔಷಧಿ ಹಾಕುವ ಡ್ರಾಪರಿನಿಂದ ಒಂದು ಹನಿ ಬಿಟ್ಟರೆ ಪರದೆಯ ತುಂಬ ಬೆಳಕಿನ ಬಳೆಯೊಂದು ಅರಳುತ್ತದೆ. ಒಂದು ಚಿಟಿಕೆ ವಿಭೂತಿ ಹಾಕಿದರೆ ಮೋಡ. ಹರಳೆಣ್ಣೆ ಬಿಟ್ಟರೆ ನಿಧಾನಕ್ಕೆ ಒಡೆದು ಸೇರುವ ದ್ವೀಪಗಳು. ಶಿರಾ ಕಡೆಯ ಕೆಂಪು ಮಣ್ಣಿನ ಬಣ್ಣಕ್ಕೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗಲಿಲ್ಲ, ನಜೀರನೇ ಒಂದು ಡಬ್ಬದಲ್ಲಿ ತುಂಬಿಕೊಂಡು ಬರುತ್ತಿದ್ದ.

ಇಲ್ಲಿ ಒಂದು ಸೂಕ್ಷ್ಮ ಹೇಳಬೇಕು, ಮುಂದಿನ ಕಥೆಗೆ ಅದು ಬೇಕು. ಹನಿ ನೀರಿಗೆ ಬಿದ್ದ ಗಳಿಗೆಗೂ ಬಳೆ ಪರದೆಯ ಮೇಲೆ ಕಾಣುವ ಗಳಿಗೆಗೂ ನಡುವೆ ಒಂದು ಸಣ್ಣ ತಡ ಇರುತ್ತದೆ. ಕಣ್ಣು ಮಿಟುಕಿಸಿದಷ್ಟು. ಯಂತ್ರಗಳು ತಮ್ಮೊಳಗೆ ಮಾತಾಡಿಕೊಳ್ಳಲು ತೆಗೆದುಕೊಳ್ಳುವ ಹೊತ್ತು ಅದು. ಬಳೆ ತಾಳಕ್ಕೆ ಸರಿಯಾಗಿ ಕಾಣಬೇಕಾದರೆ ಹನಿಯನ್ನು ತಾಳಕ್ಕಿಂತ ಒಂದು ಕೂದಲೆಳೆ ಮುಂಚೆ ಬಿಡಬೇಕು. ವರ್ಷಗಟ್ಟಲೆ ಅಭ್ಯಾಸವಾದ ಮೇಲೆ ಅದು ಕೈಗೇ ಬಂದುಬಿಟ್ಟಿತು. ಮನೆಯಲ್ಲಿ ಬಾಗಿಲು ಬಡಿದರೂ ಬಡಿಯುವ ಮುಂಚೆಯೇ ಏಳುತ್ತೀಯ ಎಂದು ನಮ್ಮವರು ರೇಗಿಸುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಏನೋ ಎಡವಟ್ಟು ಶುರುವಾಯಿತು. ಬಳೆ ಮೊದಲು ಅರಳುತ್ತದೆ, ಹಾಡು ಆಮೇಲೆ ಬಂದು ಕೂರುತ್ತದೆ. ಹೊಸ ಪ್ರೊಜೆಕ್ಟರ್ ತಂದಿದ್ದೆ, ಇದರ ತಡ ಕಡಿಮೆಯಿರಬೇಕು ಎಂದುಕೊಂಡು ಹನಿಯನ್ನು ಕೊಂಚ ನಿಧಾನಿಸಿ ಬಿಟ್ಟೆ. ಒಂದು ಹಾಡಿಗೆ ಕೂಡಿತು, ಇನ್ನೊಂದಕ್ಕೆ ಕೂಡಲಿಲ್ಲ. ತಂತಿ ಬದಲಿಸಿದೆ, ಕ್ಯಾಮೆರಾ ಬದಲಿಸಿದೆ. ರುದ್ರಣ್ಣನವರಿಗೆ ತೋರಿಸಿದರೆ ಅವರು ಪ್ರೊಜೆಕ್ಟರನ್ನು ಎರಡು ಸಲ ತಟ್ಟಿ, 'ಮಿಷನ್ನು ಮೋಸ ಮಾಡುದ್ರೆ ಯಾವಾಗ್ಲೂ ಒಂದೇ ಥರ ಮಾಡ್ತದೆ ಕಣಮ್ಮ, ಇಂಗೆ ಒಂದೊಂದ್ ಸಲ ಒಂದೊಂದು ಥರ ಮಾಡಾದು ಮನ್ಸ' ಎಂದರು.

ಅವರು ಏನೋ ಬೈಗುಳದ ಹಾಗೆ ಅಂದ ಮಾತು. ತಪ್ಪುತ್ತಿರುವುದು ಯಂತ್ರವಲ್ಲ, ನಮ್ಮಲ್ಲೇ ಯಾರೋ ಎಂದು ನನಗೆ ಆಗ ಹೊಳೆಯಿತು.

ಶಿರಾಕ್ಕೆ ಹೋಗಿ ನಜೀರನ ಅಂಗಡಿಯಲ್ಲಿ ಕೂತೆ. ಹಾಡು ತಾಳಕ್ಕೆ ಕೂಡದ ವಿಷಯ ಎತ್ತಿದಾಗ ಅವನು ಸೂಜಿ ಕೆಳಗಿಟ್ಟ. 'ನಿಮಗೂ ಗೊತ್ತಾಯ್ತಾ ಅಕ್ಕಾ?' ಎಂದ. 'ಮೇಷ್ಟ್ರಿಗೆ ನನ್ ತಬಲ ಕೇಳ್ತಾ ಇಲ್ಲ. ಬಿಲ್ಕುಲ್ ಕೇಳ್ತಾ ಇಲ್ಲ. ಅವರು ಎಲ್ಲಿ ನಿಲ್ತಾರೋ ಅಲ್ಲಿ ನಾನು ಸಮ್ ಹಾಕ್ಕೊಂಡು ಬರ್ತಾ ಇದೀನಿ. ಜನಕ್ಕೆ ಗೊತ್ತಾಗ್ಬಾರದು ಅಂತ.' ತಾಳದ ಮೊದಲ ಪೆಟ್ಟನ್ನು ಅವರು ಸಮ್ ಎನ್ನುತ್ತಾರೆ. ಅಲ್ಲಿ ಹಾಡೂ ತಬಲವೂ ಒಟ್ಟಿಗೆ ಬಂದು ಸೇರಬೇಕು. ಹಾಡುಗಾರ ತಪ್ಪಿದ ಕಡೆಗೇ ತಾಳವನ್ನು ಬಗ್ಗಿಸಿ ನುಡಿಸುವುದು ತಬಲದವನಿಗೆ ನಾಚಿಕೆಯ ಕೆಲಸ, ಕೇಳುವವರು ತಬಲದವನನ್ನೇ ಆಡಿಕೊಳ್ಳುತ್ತಾರೆ. ಆ ಮಾತನ್ನು ನಜೀರ್ ಸುಮ್ಮನೆ ಹೊತ್ತುಕೊಂಡಿದ್ದ. ನನ್ನ ಕೃತಜ್ಞತೆಯ ಲೆಕ್ಕದಲ್ಲಿ ಅವನದೂ ಒಂದು ದೊಡ್ಡ ಬಾಬ್ತು.

ಇಬ್ಬರೂ ಮೇಷ್ಟ್ರ ಮನೆಗೆ ಹೋದೆವು. ಮುಖಕ್ಕೆ ಮುಖ ಕೊಟ್ಟು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು, ಅದಕ್ಕೇ ಅಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ. ನಾವು ವಿಷಯ ಎತ್ತಿದ ಕೂಡಲೇ ಗೋಡೆಯ ಕಡೆ ತಿರುಗಿಕೊಂಡರು. ಆಮೇಲೆ ಅವರೇ ಹೇಳಿದರು. ತುಮಕೂರಿನ ಡಾಕ್ಟರು ಕಿವಿಯ ಮಿಷನ್ ಕೊಟ್ಟಿದ್ದರು. 'ಮಾತು ಒಂದಿಷ್ಟು ಕೇಳ್ತದೆ. ಹಾರ್ಮೋನಿಯಂ ಹಿಡುದ್ರೆ ಮಾತ್ರ ತಗಡು ಬಡ್ದಂಗಾಯ್ತದೆ. ಸ್ವರದ ಜಾಗದಲ್ಲಿ ತಗಡು ಕೇಳ್ಕಂಡು ಹೆಂಗೆ ಹಾಡ್ಲಿ? ಶ್ರುತಿಗೆ ತೊಂದ್ರೆ ಇಲ್ಲ, ಪೆಟ್ಟಿಗೆ ಮ್ಯಾಲೆ ಕೈಯಿಟ್ರೆ ಮರ ನಡುಗೋದು ಗೊತ್ತಾಯ್ತದೆ. ತಾಳ ಕೈ ಬುಟ್ಟೋಯ್ತು. ಗೊತ್ತಾದ್ರೆ ಯಾರೂ ಕರೆಯಲ್ಲ ಕಣಮ್ಮ. ಹಾಡದಿದ್ರೆ ನಾನೇನು ಮಾಡ್ಲಿ ಹೇಳು?'

ಕಿವಿಗೆ ಕೇಳದ ತಾಳವನ್ನು ಕಣ್ಣಿಗೆ ಕಾಣಿಸಬಹುದಲ್ಲ ಎಂದೆ ನಾನು. ಪರಾತ ಇತ್ತು. ಅವರ ಮನೆಯ ಸುಣ್ಣದ ಗೋಡೆಯ ಮೇಲೇ ಪ್ರೊಜೆಕ್ಟರ್ ಬಿಟ್ಟು ನೋಡಿದೆವು. ಸಮ್ ಬರುವ ಕಡೆ ದಪ್ಪ ಹನಿ, ಪರದೆಯ ತುಂಬ ಬಳೆ. ನಡುವಿನ ಪೆಟ್ಟುಗಳಿಗೆ ಅಂಚಿನಲ್ಲಿ ಸಣ್ಣ ಹನಿಗಳು. ನಜೀರ್ ನುಡಿಸಿದ, ನಾನು ಅವನ ಕೈ ನೋಡಿ ಹನಿ ಬಿಟ್ಟೆ, ಮೇಷ್ಟ್ರು ಗೋಡೆ ನೋಡಿ ಹಾಡಿದರು. ಎರಡನೆಯ ಸಾಲಿನಲ್ಲಿ ಮೂವರೂ ಒಂದೇ ಗಳಿಗೆಗೆ ಸಮ್ಮಿಗೆ ಬಂದು ಸೇರಿದೆವು. ಮೇಷ್ಟ್ರು ಹಾಡು ನಿಲ್ಲಿಸಿ ಮಗುವಿನಂತೆ ನಕ್ಕರು. ಆ ನಗುವನ್ನು ನೋಡಿದ್ದಕ್ಕೆ ನಾನು ಪುಣ್ಯವಂತೆ.

ಅಲ್ಲಿಯವರೆಗೆ ನಾನು ಹಾಡಿನ ಹಿಂದೆ ಓಡುತ್ತಿದ್ದೆ. ಈಗ ಹಾಡು ನನ್ನ ಕೈ ಹಿಡಿದು ನಡೆಯತೊಡಗಿತು. ಕೈ ತಪ್ಪಿದರೆ ಮೇಷ್ಟ್ರು ಬೀಳುತ್ತಾರೆ. ಅಷ್ಟು ಭಯದಿಂದ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ, ಅಷ್ಟು ಸಂತೋಷದಿಂದಲೂ ಮಾಡಿರಲಿಲ್ಲ. ಪರದೆಯನ್ನು ವೇದಿಕೆಯ ಎಡಕ್ಕೆ ಓರೆಯಾಗಿ ಕಟ್ಟಿಸಿಕೊಳ್ಳುತ್ತಿದ್ದೆವು. ಮೇಷ್ಟ್ರು ಕತ್ತು ಕೊಂಚ ಆ ಕಡೆ ವಾಲಿಸಿ ಹಾಡುತ್ತಿದ್ದರು. ಜನ ಅದನ್ನು ಭಾವದ ಭಂಗಿ ಎಂದುಕೊಂಡರು. ಒಬ್ಬ ಎಳೆಯ ಗಾಯಕ ತಾನೂ ಕತ್ತು ವಾಲಿಸಿ ಹಾಡಲು ಕಲಿತನಂತೆ, ಪಾಪ.

ಎರಡು ಮಳೆಗಾಲ ಹೀಗೆ ನಡೆಯಿತು. ಆಮೇಲೆ ಮಧುಗಿರಿಯ ಆ ಕಾರ್ಯಕ್ರಮ ಬಂತು. ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ಸೇರಿ ಇಟ್ಟುಕೊಂಡದ್ದು. ಅಷ್ಟು ಹೊತ್ತಿಗೆ ಪ್ರೊಜೆಕ್ಟರುಗಳ ಕಾಲ ಹೋಗಿ ಎಲ್.ಇ.ಡಿ. ಗೋಡೆಗಳ ಕಾಲ ಬಂದಿತ್ತು. ನಮ್ಮ ಮೇಷ್ಟ್ರಿಗೆ ದೊಡ್ಡದೇ ಇರಲಿ ಎಂದು ಅವರು ತುಮಕೂರಿನಿಂದ ಗೋಡೆಯಷ್ಟು ಎತ್ತರದ್ದನ್ನು ತರಿಸಿ ವೇದಿಕೆಯ ಹಿಂಭಾಗದ ತುಂಬ ಕಟ್ಟಿಸಿದ್ದರು. ನಾನು ಹೋಗಿ ನೋಡಿದಾಗ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಬಿಗಿದಾಗಿತ್ತು. ಮೇಷ್ಟ್ರು ಕೂರುವ ಜಾಗ ಅದರ ನೇರ ಮುಂದೆ. ಬೆನ್ನ ಹಿಂದೆ ಇರುವುದನ್ನು ಅವರು ನೋಡುವುದಾದರೂ ಹೇಗೆ? ಪಕ್ಕಕ್ಕೆ ಸರಿಸಲಾಗುತ್ತದೆಯೇ ಎಂದು ಕಟ್ಟಿದವನನ್ನು ಕೇಳಿದೆ. 'ಮೇಡಂ, ಇದನ್ನ ಬಿಚ್ಚಿ ಕಟ್ಟೋ ಹೊತ್ಗೆ ನಾಳೆ ಆಯ್ತದೆ' ಎಂದ.

ಮೇಷ್ಟ್ರು ಬಂದರು, ನೋಡಿದರು, ವೇದಿಕೆಯ ಹಿಂದಿನ ಕುರ್ಚಿಯ ಮೇಲೆ ಕೂತರು. ನಜೀರ್ ತನ್ನ ಫೋನ್ ತೆಗೆದು, ಚಿತ್ರ ಇದರಲ್ಲಿ ಬರುವ ಹಾಗೆ ಮಾಡಿ ಹಾರ್ಮೋನಿಯಂ ಮೇಲೆ ಇಟ್ಟುಬಿಡೋಣ ಎಂದ. ಮೇಷ್ಟ್ರು ಅದನ್ನು ಹಿಂದಕ್ಕೆ ತಳ್ಳಿದರು. 'ಬ್ಯಾಡ ನಜೀರ. ಓರೆಗಣ್ಣಲ್ಲಿ ಕದ್ದು ಕದ್ದು ನೋಡಿ ಸಾಕಾಯ್ತು. ಕೂತಿರೋರೆಲ್ಲ ನನ್ ಮಕ್ಳು, ಅವ್ರ ಮುಂದೇನು ಕಳ್ಳಾಟ?'

'ಹಾಗಾದ್ರೆ ಇವತ್ತು ಬೇಡ ಮೇಷ್ಟ್ರೇ' ಎಂದೆ ನಾನು, ತುಟಿ ಕಾಣುವ ಹಾಗೆ ಎದುರು ನಿಂತು. 'ಗಂಟಲು ಸರಿಯಿಲ್ಲ ಅಂತ ಹೇಳಿಬಿಡ್ತೀನಿ.'

'ಗಂಟ್ಲು ಚೆನ್ನಾಗೈತಲ್ಲಮ್ಮ' ಎಂದರು, ಎದ್ದು ಹೋದರು.

ಹೊತ್ತು ಮುಳುಗಿತ್ತು, ಮೈದಾನ ತುಂಬಿತ್ತು. ನಾನು ವೇದಿಕೆಯ ಮಗ್ಗುಲಲ್ಲಿ ಪರಾತದ ಮುಂದೆ ಕೂತಿದ್ದೆ. ಮೇಷ್ಟ್ರು ಮೈಕಿನ ಮುಂದೆ ಕೂತು ಹಾರ್ಮೋನಿಯಂ ಮುಟ್ಟಲಿಲ್ಲ. ತಮ್ಮ ದನಿ ತಮಗೇ ಕೇಳದವರು ಬೇಕಾದ್ದಕ್ಕಿಂತ ಗಟ್ಟಿಯಾಗಿ ಮಾತಾಡುತ್ತಾರೆ. ಅವರ ಮಾತು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

'ನಂಗೆ ಕಿವಿ ಕೇಳಲ್ಲ ಕಣ್ರಪ್ಪ. ಎರ್ಡು ವರ್ಷದ ಮೇಲಾಯ್ತು. ಪರ್ದೆ ಮ್ಯಾಲೆ ಈ ರತ್ನಮ್ಮ ನೀರಲ್ಲಿ ತಾಳ ಹಾಕ್ತಾಳೆ, ಅದನ್ನ ನೋಡ್ಕಂಡು ಹಾಡ್ತಾ ಇದೀನಿ. ನಿಮ್ಗೆ ಹೇಳ್ದೆ ಮುಚ್ಚಿಟ್ಟೆ. ಇವತ್ತು ಪರ್ದೆ ನನ್ ಹಿಂದೈತೆ. ಸಭೆಗೆ ಬೆನ್ನು ಹಾಕಿ ಕೂರ್ಬಾರ್ದು ಅಂತ ನಿಮ್ಗೆಲ್ಲ ಕಲ್ಸಿದೋನು ನಾನೇ. ನೀವು ಅಪ್ಪಣೆ ಕೊಟ್ರೆ ತಿರುಗಿ ಕೂತ್ಕಂಡು ಹಾಡ್ತೀನಿ. ಇಲ್ದಿದ್ರೆ ಕೈ ಮುಗ್ದು ಮನೆಗೋಯ್ತೀನಿ.'

ಗುಂಪು ಎಂದರೆ ಏನೆಂದು ನನಗೆ ಗೊತ್ತು, ಯಾರಾದರೂ ಒಬ್ಬ ಕಿಸಕ್ಕನೆ ನಕ್ಕರೆ ಮುಗಿಯಿತು. ಮುಂದಿನ ಸಾಲಿನಲ್ಲಿದ್ದ ಅವರ ವಿದ್ಯಾರ್ಥಿಗಳು, ಒಬ್ಬೊಬ್ಬರೂ ದೊಡ್ಡ ದೊಡ್ಡ ಕೆಲಸದಲ್ಲಿದ್ದವರು, ತಲೆ ತಗ್ಗಿಸಿ ಕೂತಿದ್ದರು. ಏನು ಹೇಳಬೇಕೆಂದು ಅವರಿಗೆ ತೋಚಲಿಲ್ಲ. ತೋಚಿದ್ದು ಕುರ್ಚಿ ಸಿಗದೆ ನೆಲದ ಮೇಲೆ ಕೂತಿದ್ದ ಒಬ್ಬ ಅಜ್ಜಿಗೆ. ಅವಳು ಯಾರು, ಯಾವ ಊರಿನವಳು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

'ತಿರುಕ್ಕಂಡು ಕೂತ್ಕಳ್ರಿ ಮೇಷ್ಟ್ರೇ!' ಎಂದು ಕೂಗಿದಳು. 'ನಾವೂ ಆ ಕಡೀಕೇ ಅಲ್ವಾ ಮುಖ ಮಾಡ್ಕಂಡು ಕೂತಿರಾದು? ನಮ್ ಜೊತೆ ಕೂತಂಗಾಯ್ತು ಬುಡ್ರಿ!'

ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಜನರ ಮುಖವನ್ನೇ ನೋಡುತ್ತಿದ್ದರು. ನಜೀರ್ ಅವರ ತೊಡೆ ಮುಟ್ಟಿ, ಬೆರಳನ್ನು ಸುತ್ತ ತಿರುಗಿಸಿ ತೋರಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ವಿದ್ಯಾರ್ಥಿಗಳಲ್ಲಿ ಇಬ್ಬರು ಓಡಿ ಬಂದು ಹಾರ್ಮೋನಿಯಂ ತಿರುಗಿಸಿಟ್ಟರು, ಮೈಕ್ ತಿರುಗಿಸಿದರು. ಮೇಷ್ಟ್ರು ಸಭೆಗೆ ಒಮ್ಮೆ ಕೈ ಮುಗಿದು ಗೋಡೆಯ ಕಡೆ ಮುಖ ಮಾಡಿ ಕೂತರು.

ನಾನು ನಜೀರನ ಕೈ ನೋಡಿಕೊಂಡು ಮೊದಲ ಹನಿ ಬಿಟ್ಟೆ. ಇಡೀ ಗೋಡೆಯ ಮೇಲೆ ಬಳೆ ಅರಳಿತು. ಅದರ ನಟ್ಟನಡುವೆ ಮೇಷ್ಟ್ರ ದನಿ ಬಂದು ನಿಂತಿತು. ಕದ್ದು ನೋಡುವ ಅವಸರವಿಲ್ಲದ್ದರಿಂದಲೋ ಏನೋ, ಅಂಥ ದನಿಯನ್ನು ನಾನು ಅವರಿಂದ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ನಾನು ಕೆಂಪು ಮಣ್ಣು ಬಿಟ್ಟರೆ ಅವರು ಸ್ವರವನ್ನು ಕೆಳಗಿಳಿಸಿ ಅದರ ಜೊತೆ ಹರಡಿದರು. ಎಣ್ಣೆಯ ಎರಡು ದ್ವೀಪಗಳು ಸೇರಲು ತಡಮಾಡಿದರೆ ಅವೂ ಸೇರಲಿ ಎಂದು ಸಾಲನ್ನು ಎಳೆದು ಕಾದರು. ಯಾರು ಯಾರ ಹಿಂದೆ ಹೋಗುತ್ತಿದ್ದೇವೆ ಎಂದು ಸ್ವಲ್ಪ ಹೊತ್ತಿಗೆ ನನಗೇ ತಿಳಿಯದಾಯಿತು. ಕೊನೆಯ ಸಮ್ಮಿಗೆ ಹನಿ ಬಿಟ್ಟೆ. ಮೂವರೂ ಬಂದು ನಿಂತೆವು. ಬಳೆ ಅಂಚಿಗೆ ಹೋಗಿ ಅಳಿಸಿತು. ನೀರು ಸುಮ್ಮನಾಯಿತು.

ಮೈದಾನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಮೇಷ್ಟ್ರು ಮಾತ್ರ ಕರಿಯ ಗೋಡೆಯನ್ನೇ ನೋಡುತ್ತಾ ಕೂತಿದ್ದರು. ಹಿಂದೆ ಏನಾಗುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಜನ ಎದ್ದು ಹೋದರೋ ಇದ್ದಾರೋ ಎಂದು ತಿರುಗಿ ನೋಡಲು ಅಳುಕುತ್ತಿದ್ದಾರೆ ಎಂಬುದು ಅವರ ಭುಜ ನೋಡಿದರೇ ತಿಳಿಯುತ್ತಿತ್ತು. ಅಷ್ಟು ವರ್ಷ ಕೆಲಸ ಮಾಡಿ ನಾನು ಒಂದು ದಿನವೂ ನನ್ನ ಕೈ ಪರದೆಯ ಮೇಲೆ ಕಾಣಲು ಬಿಟ್ಟವಳಲ್ಲ. ಆ ಗಳಿಗೆ ಡ್ರಾಪರ್ ಬಿಸಾಕಿ ಎರಡೂ ಅಂಗೈಗಳನ್ನು ಪರಾತಕ್ಕೆ ಹಾಕಿ ಪಟಪಟನೆ ನೀರು ಬಡಿದೆ. ಗೋಡೆಯ ತುಂಬ ನೀರು ಎದ್ದು ಹಾರಿತು, ಬೆಳಕು ಚೂರುಚೂರಾಗಿ ಕುಣಿಯಿತು, ನಡುವೆ ನನ್ನ ಎರಡು ದೊಡ್ಡ ಕೈಗಳು ನಿಲ್ಲದೆ ತಟ್ಟುತ್ತಿದ್ದವು.

ಮೇಷ್ಟ್ರು ಒಂದು ಗಳಿಗೆ ಆ ಕೈಗಳನ್ನು ನೋಡಿದರು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿದರು.